ವಿರುಪಾಕ್ಷಯ್ಯನವರ ಜೋಳಿಗೆಯ ಹಿಟ್ಟು

ಬೆಳಿಗ್ಗೆ ಏಳೂವರೆ ಆದರೆ ಸಾಕು, ನನ್ನ ಕಿವಿ ಇವತ್ತಿಗೂ ಬಾಗಿಲ ಕಡೆ ತಿರುಗುತ್ತದೆ. ಹಾಳು ಕಿವಿ, ಅದಕ್ಕೆ ಬುದ್ಧಿ ಹೇಳಿ ಸಾಕಾಗಿದೆ. ಆ ಹೊತ್ತಿಗೆ ಗಂಟೆ ಬಾರಿಸುತ್ತ ಭಿಕ್ಷೆಗೆ ಬರುತ್ತಿದ್ದ ನಮ್ಮೂರ ಅಯ್ಯನವರು, ವಿರುಪಾಕ್ಷಯ್ಯನವರು, ತೀರಿಕೊಂಡು ಒಂದು ವರ್ಷವಾಯಿತು.

ಏಕಸಂಬಿ ಸುತ್ತಿನ ಲಗ್ನ, ಸಾವು, ಹೆಸರಿಡುವುದು ಎಲ್ಲಕ್ಕೂ ಅವರೇ ಬೇಕು. ಮಾತು ಮೆತ್ತಗೆ, ಆದರೆ ಅಂಥ ಮೊಂಡ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಜಕ್ಕಪ್ಪನ ಹೋಟೆಲಿನಲ್ಲಿ ದಲಿತರ ಕೇರಿಯವರಿಗೆ ಚಹಾಕ್ಕೆ ಬೇರೆ ಕಪ್ಪು, ಹೊರಗಿನ ಗೋಡೆಯ ಗೂಡಿನಲ್ಲಿ. ಒಂದು ದಿನ ಹಣೆತುಂಬ ವಿಭೂತಿಯ ಅಯ್ಯನವರು ಆ ಗೂಡಿನಿಂದ ಒಂದು ಕಪ್ಪು ತೆಗೆದು ತೊಳೆದು ಮುಂದೆ ಚಾಚಿದರು.

"ಜಕ್ಕಪ್ಪಾ, ಇದರಾಗ ಚಾ ಹಾಕು."

ನಾಲ್ಕು ತಿಂಗಳು ದಿನವೂ ಅದೇ ಕಪ್ಪು, ಹೊರಗೇ ನಿಂತು. ಕೊನೆಗೆ ಜಕ್ಕಪ್ಪನೇ ನಾಚಿಕೊಂಡು ಎಲ್ಲ ಕಪ್ಪುಗಳನ್ನೂ ಒಂದೇ ಬುಟ್ಟಿಗೆ ಹಾಕಿದ. ಆಮೇಲೆ ಅಯ್ಯನವರು ಚಿಕ್ಕೋಡಿಯ ಕಚೇರಿಗೆ ಓಡಾಡಿ ಕೇರಿಯವರಿಗೆ ಸ್ಮಶಾನದ ಜಾಗ ಅಳೆಸಿ ಕೊಡಿಸಿದರು.

ಅಷ್ಟಕ್ಕೂ ಸಮಾಧಾನವಿಲ್ಲ. ಭಿಕ್ಷೆಯನ್ನು ಕೇರಿಯಿಂದಲೇ ಶುರುಮಾಡಿದರು. ಅಲ್ಲಿಯ ತಾರವ್ವ ಹಾಕಿದ ಹಿಟ್ಟಿನ ಜೋಳಿಗೆ ಹಿಡಿದೇ ನಮ್ಮ ಬಾಗಿಲಿಗೆ ಬಂದರು. ನಮ್ಮತ್ತೆ ಕಾಳವ್ವ ಕೆಂಡವಾದಳು.

"ಆ ಹಿಟ್ಟಿನಾಗ ನಮ್ಮ ಹಿಟ್ಟು ಕೂಡಸಾಂಗಿಲ್ರಿ!"

"ಕೂಡಿದ ಮ್ಯಾಲ ಯಾವದು ಯಾರದು, ಆರಿಸಿ ತೋರಸು ನೋಡೋಣು, ಕಾಳವ್ವಾ," ಎಂದರು ಅಯ್ಯನವರು.

ಅತ್ತೆ ದಡಾರನೆ ಬಾಗಿಲು ಹಾಕಿದಳು. ಒಂಬತ್ತು ವರ್ಷ ಆ ಹೊತ್ತಿಗೆ ಅದು ತೆರೆಯಲಿಲ್ಲ. ಅವರೂ ಬಿಡಲಿಲ್ಲ. ದಿನವೂ ಬಂದು ಗಂಟೆ ಬಾರಿಸಿ, ಒಂದು ಗಳಿಗೆ ನಿಂತು, "ಚೊಲೋ ಆಗಲಿ" ಎಂದು ಹೋಗುತ್ತಿದ್ದರು. ಒಳಗೆ ನಾನು ಹಿಟ್ಟಿನ ಬೋಗುಣಿ ಹಿಡಿದು ನಿಂತಿರುತ್ತಿದ್ದೆ. ಥೂ, ನನ್ನ ಕೈಗೇನು ಲಕ್ವ ಹೊಡೆದಿತ್ತೇ? ಚಿಲಕ ತೆಗೆಯಲು ಎರಡು ಬೆರಳು ಸಾಕಿತ್ತು.

ಅತ್ತೆ ತೀರಿಕೊಂಡು ದಿನಕರ್ಮ ಮುಗಿದ ಮರುದಿನ ತೆರೆದೆ. ಹಿಟ್ಟು ಹಾಕಿದೆ. ಅವರು ನಕ್ಕು, ಜೋಳಿಗೆಯಿಂದ ಎರಡು ಹಿಡಿ ಕೂಡಿದ ಹಿಟ್ಟು ತೆಗೆದು ನನ್ನ ಖಾಲಿ ಬೋಗುಣಿಗೇ ಹಾಕಿದರು.

"ಉಜ್ವಲಾ, ಬಾಗಲ ಹಿಂದ ನಿನ್ನ ಕೈಬಳಿ ಸಪ್ಪಳ ದಿನಾ ಕೇಳತಿತ್ತವ್ವಾ. ಇದನ್ನ ರೊಟ್ಟಿ ಮಾಡಿ ಉಣ್ಣು."

ರೊಟ್ಟಿ ಬಡಿದೆ, ಬೇಯಿಸಿದೆ. ತುತ್ತು ಮುರಿದೆ. ಬಾಯಿಗೆ ಒಯ್ಯಲು ಆಗಲಿಲ್ಲ. ಅತ್ತೆ ಸತ್ತಿದ್ದಳು, ನನ್ನೊಳಗೆ ಸತ್ತಿರಲಿಲ್ಲ. ರೊಟ್ಟಿಯನ್ನು ಎಮ್ಮೆಗೆ ಹಾಕಿದೆ.

"ರೊಟ್ಟಿ ಹೆಂಗಾಗಿತ್ತವ್ವಾ?" ಮರುದಿನ ಕೇಳಿದರು.

"ಭಾಳ ಚೊಲೋ ಆಗಿತ್ರಿ," ಎಂದೆ.

ಆ ಮುದಿ ಮುಖ ಎಷ್ಟು ಅರಳಿತು! ಅದೇ ವಾರ ಜ್ವರ ಹಿಡಿದು ಮಲಗಿದರು, ಮತ್ತೆ ಏಳಲಿಲ್ಲ. ಒಂದೇ ಒಂದು ಸಲ ಆ ಗಂಟೆ ಕೇಳಿದರೆ ಓಡಿಹೋಗಿ ನಿಜ ಹೇಳಿಬಿಡುತ್ತಿದ್ದೆ ಎಂದು ವರ್ಷವಿಡೀ ಒದ್ದಾಡಿದ್ದೇನೆ.

ಇವತ್ತು ಅವರ ವರ್ಷದ ಊಟ, ಕೇರಿಯಲ್ಲೇ. ಮನೆಮನೆಯ ಹಿಟ್ಟು ಒಂದೇ ಪರಾತದಲ್ಲಿ ಕೂಡಿಸಿದ್ದರು. ನನ್ನದನ್ನೂ ಸುರುವಿ, ರೊಟ್ಟಿ ಬಡಿಯುತ್ತಿದ್ದ ತಾರವ್ವನ ಪಕ್ಕ ಕೂತು ಎಮ್ಮೆಯ ಸುದ್ದಿ ಎಲ್ಲ ಹೇಳಿಬಿಟ್ಟೆ. ಆಕೆಯ ಕೈ ನಿಂತಿತು. ನನ್ನನ್ನೇ ನೋಡಿದಳು.

"ಎಮ್ಮಿಗೆ ಏನೂ ಆಗಲಿಲ್ಲಲ್ರಿ, ಅಕ್ಕಾರ?"

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ತೆಗೆದು, ಬೆಣ್ಣೆ ಸವರಿ ನನ್ನ ಅಂಗೈಗೆ ಇಟ್ಟಳು. ಅತ್ತುಕೊಂಡೇ ಪೂರ್ತಿ ತಿಂದೆ.

"ಹೆಂಗಾಗೇತ್ರಿ?" ಎಂದಳು.

"ಭಾಳ ಚೊಲೋ ಆಗೇತಿ, ತಾರವ್ವಾ."

ಅಂದು ಹೇಳಿದ ಮಾತೇ. ಇವತ್ತು ನಿಜವಾಗಿತ್ತು, ಕೇಳಬೇಕಾದವರು ಇರಲಿಲ್ಲ.