ಯಾರ ಕೈಯದೂ ಅಲ್ಲದ ಗಂಟು

ಹೆಂಗಸರೆಲ್ಲ ಗಂಟುಮೋರೆ ಎನ್ನುತ್ತಿದ್ದ ಕೊಡೆ ಕಾರ್ಖಾನೆಯ ಮೇಸ್ತ್ರಿ ತಂಗಿಯ ಬೆರಳನ್ನು ಮುರಿದದ್ದು ಹಾಡಹಗಲಿನಲ್ಲಿ, ಎಲ್ಲರೂ ನೋಡುತ್ತಿದ್ದಾಗ. ಕದ್ದುಮುಚ್ಚಿ ಹೊಡೆಯುವ ಜಾಯಮಾನ ಅವನದಲ್ಲ. ಅವಳ ಬಲಗೈಯನ್ನು ಮೇಜಿನ ಮೇಲೆ ಬೋರಲಾಗಿ ಇಡಿಸಿ, ಇನ್ನೂ ಕಡ್ಡಿ ಕಟ್ಟದ ಕೊಡೆಯ ಕಬ್ಬಿಣದ ಕೋಲನ್ನು ಎತ್ತಿ ಒಂದೇ ಏಟು ಹಾಕಿದ. ನಡುಬೆರಳು ಲಟಕ್ಕೆಂದಿತು. ತಂಗಿ ಕೂಗಲಿಲ್ಲ. ಕೂಗಿದರೆ ಇನ್ನೊಂದು ಬೀಳುತ್ತದೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಸ್ಟೂಲಿನಲ್ಲಿದ್ದ ಅಕ್ಕ ಇಕ್ಕಳ ಹಿಡಿದವಳು ಹಿಡಿದ ಹಾಗೇ ಇದ್ದುಬಿಟ್ಟಳು. ಉಳಿದ ಹೆಂಗಸರು ತಲೆ ತಗ್ಗಿಸಿ ತಂತಿ ತಿರುಚುತ್ತಲೇ ಇದ್ದರು. ಸದ್ಯ, ನಮ್ಮದಲ್ಲವಲ್ಲ ಎಂಬ ನೆಮ್ಮದಿ ಅವರ ಬೆನ್ನಿನಲ್ಲೇ ಕಾಣುತ್ತಿತ್ತು. ಅಕ್ಕನ ಬೆನ್ನಿನಲ್ಲೂ ಎಷ್ಟೋ ಸಲ ಅದೇ ನೆಮ್ಮದಿ ಕೂತಿತ್ತು. ಅದನ್ನು ಮುಚ್ಚಿಟ್ಟು ಅವಳ ಕಥೆ ಹೇಳಿದರೆ ಸುಳ್ಳಾಗುತ್ತದೆ.

ಕೊಡೆ ಬಿಚ್ಚಿ ಹಿಡಿಯುವವರು ಅದರ ನೆತ್ತಿಯನ್ನು ನೋಡುವುದೇ ಇಲ್ಲ. ನೋಡಲು ಅಲ್ಲೇನಿದೆ ಎನ್ನಬೇಡಿ, ಇಡೀ ಕೊಡೆಯ ಜೀವ ಇರುವುದೇ ಅಲ್ಲಿ. ಕೋಲಿನ ತುದಿಯಲ್ಲಿ ಸುತ್ತ ಹಲ್ಲು ಕೊರೆದ ಒಂದು ಪುಟ್ಟ ಬಿಲ್ಲೆ. ಒಂದೊಂದು ಹಲ್ಲಿನ ಸಂದಿಗೆ ಒಂದೊಂದು ಕಡ್ಡಿ. ಕಡ್ಡಿಗಳ ತುದಿಯ ತೂತುಗಳಲ್ಲಿ ತೆಳ್ಳಗಿನ ತಂತಿ ಪೋಣಿಸಿ, ಬಿಲ್ಲೆಯ ಸುತ್ತಲಿನ ತೋಡಿನಲ್ಲಿ ಕೂರಿಸಿ, ಎರಡು ತುದಿಗಳನ್ನೂ ಇಕ್ಕಳದಲ್ಲಿ ಎಳೆದು ತಿರುಚಬೇಕು. ಆ ತಿರುಚಿಗೆ ಅವರು ಗಂಟು ಎನ್ನುತ್ತಿದ್ದರು. ಗಂಟು ಸಡಿಲವಾದರೆ ಜೋರು ಗಾಳಿಗೆ ಕಡ್ಡಿಗಳು ಒಂದೊಂದು ದಿಕ್ಕಿಗೆ ಸಿಡಿಯುತ್ತವೆ. ಅಂಗಡಿಯಿಂದ ಕೊಡೆ ವಾಪಸು ಬರುತ್ತದೆ, ಜೊತೆಗೆ ಬೈಗುಳವೂ ಬರುತ್ತದೆ.

ಬಂದ ಬೈಗುಳವನ್ನು ಯಾರಿಗೆ ಹಂಚಬೇಕೆಂದು ಮೇಸ್ತ್ರಿಗೆ ಗೊತ್ತಾಗುತ್ತಿದ್ದದ್ದು ಗಂಟಿನಿಂದಲೇ. ಒಬ್ಬಳು ಎಡಕ್ಕೆ ತಿರುಚಿದರೆ ಒಬ್ಬಳು ಬಲಕ್ಕೆ. ಒಬ್ಬಳು ಬಾಲ ಉದ್ದ ಬಿಟ್ಟರೆ ಇನ್ನೊಬ್ಬಳು ಮೊಂಡಾಗಿ ಕತ್ತರಿಸುತ್ತಾಳೆ. ಎಲ್ಲರಿಗಿಂತ ಹಳಬಳಾದ ಅಜ್ಜಿಯ ಗಂಟಿಗೆ ಬಾಲವೇ ಇಲ್ಲ, ಬಿಲ್ಲೆಯ ಹಲ್ಲಿನೊಳಗೆ ಮಾಯವಾಗಿರುತ್ತದೆ. ಗಂಟುಮೋರೆ ಮುರಿದ ಕೊಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ತಿರುಗಿಸಿದರೆ ಸಾಕು, ಮುಖ ನೋಡಿ ಗುರುತಿಸಿದಷ್ಟು ಸಲೀಸಾಗಿ ಹೇಳುತ್ತಿದ್ದ, "ನಿಂದು ಕಣೇ ಇದು. ಇಡು ಕೈ." ಒಂದು ದಿನವೂ ತಪ್ಪಿದವನಲ್ಲ. ಆ ಪಾಪಿಗೆ ದೇವರು ಅಷ್ಟು ಚೂಪು ಕಣ್ಣು ಯಾಕೆ ಕೊಟ್ಟನೋ.

ಅಜ್ಜಿಗೆ ಮಾತ್ರ ಯಾವತ್ತೂ ಏಟು ಬಿದ್ದಿರಲಿಲ್ಲ. ಅವಳ ಗಂಟು ಬಿಚ್ಚಿಕೊಂಡದ್ದೇ ಇಲ್ಲ. ಬೇರೆಯವರಿಗೆ ಬಿದ್ದಾಗ ಅವಳು ಲೊಚಗುಟ್ಟಿ, "ಮೈಮೇಲೆ ಎಚ್ಚರ ಇಟ್ಕೊಂಡು ಕಟ್ಟಿದ್ರೆ ಹೀಗ್ಯಾಕಾಗುತ್ತೆ" ಎನ್ನುತ್ತಿದ್ದಳು. ಆ ಮಾತು ಏಟಿಗಿಂತ ಹೆಚ್ಚು ಉರಿಯುತ್ತಿತ್ತು.

ತಂಗಿಯ ಬೆರಳು ಕೂಡಿಕೊಂಡಿತು, ಆದರೆ ಸೊಟ್ಟಗೆ. ಇಕ್ಕಳ ಅದುಮುವಾಗ ಆ ಬೆರಳು ಮಾತು ಕೇಳುತ್ತಿರಲಿಲ್ಲ. ಹೀಗಾಗಿ ಅವಳ ಗಂಟು ಒಂದು ಪಕ್ಕಕ್ಕೆ ವಾಲಿಕೊಂಡು, ಮೆಳ್ಳಗಣ್ಣಿನ ಹಾಗೆ ಕಾಣತೊಡಗಿತು. ಬೆರಳು ಮುರಿದವನೇ ಅದನ್ನು ಮೊದಲು ಗಮನಿಸಿದ.

"ಇನ್ನೊಂದ್ಸಲ ನಿನ್ನ ಸೊಟ್ಟ ಗಂಟು ಬಿಚ್ಕೊಂಡು ಬಂತೋ, ಬೆರಳಲ್ಲ, ಮಣಿಕಟ್ಟೇ ಮುರಿದು ಮನೆಗೆ ಕಳಿಸ್ತೀನಿ" ಎಂದ.

ಅವನು ಬಾಯಿಮಾತಿಗೆ ಹೇಳುವವನಲ್ಲ. ಅಪ್ಪ ಅಮ್ಮ ಹೋದ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಇದ್ದದ್ದು ಇವರಿಬ್ಬರೇ. ತಂಗಿಯ ಕೈ ಹೋದರೆ ಉಳಿಯುವುದೇನು ಎಂದು ಅಕ್ಕ ಯೋಚಿಸಲೂ ಹೆದರುತ್ತಿದ್ದಳು. ಕೆಲವು ದಿನ ತಂಗಿಯ ಕೊಡೆಗಳನ್ನು ಮೇಜಿನಡಿಯಲ್ಲಿ ತನ್ನ ಕಡೆಗೆ ಎಳೆದುಕೊಂಡು ತಾನೇ ಗಂಟು ಹಾಕಿದಳು. ಗಂಟುಮೋರೆ ರಾಶಿಯಲ್ಲಿ ಕೈಯಾಡಿಸಿ, "ಏನು, ಅಕ್ಕನಿಗೆ ನಾಲ್ಕು ಕೈ ಬಂದ್ವಾ?" ಎಂದು ಕೇಳಿ, ಅವಳ ಕಪಾಳಕ್ಕೆ ಬಿಟ್ಟ. ಕಿವಿಯಲ್ಲಿ ಅದೆಷ್ಟೋ ದಿನ ಗುಂಯ್ ಎನ್ನುತ್ತಿತ್ತು.

ಆ ಸಂಜೆ ಮನೆಗೆ ಬಂದು ಬೀಗ ತೆಗೆಯುವಾಗ ಕೀಲಿ ಒಳಗೇ ಸಿಕ್ಕಿಹಾಕಿಕೊಂಡಿತು. ಅಕ್ಕನ ಪಿತ್ತ ನೆತ್ತಿಗೇರಿತ್ತು. ಬಾಗಿಲಿಗೆ ಒದ್ದಳು, ಬೀಗಕ್ಕೆ ಗುದ್ದಿದಳು, ಕೀಲಿಗೊಂಚಲನ್ನು ಹಿಡಿದು ಜಗ್ಗಿದಳು. ಗೊಂಚಲಿನಲ್ಲಿ ಉಳಿದ ಕೀಲಿಗಳನ್ನಾದರೂ ಬಿಡಿಸೋಣವೆಂದು ಉಂಗುರದ ಸಂದಿಗೆ ಉಗುರು ತೂರಿಸಿದರೆ ಉಗುರೇ ಕಿತ್ತುಬಂತು. ಉಂಗುರ ಜಪ್ಪಯ್ಯ ಎನ್ನಲಿಲ್ಲ. ರಕ್ತ ಒಸರುವ ಬೆರಳನ್ನು ಬಾಯಲ್ಲಿಟ್ಟುಕೊಂಡು ಅವಳು ಅದನ್ನೇ ದಿಟ್ಟಿಸಿದಳು. ಎರಡು ಸುತ್ತಿನ ಉಂಗುರ. ಗಂಟಿಲ್ಲ, ತಿರುಚಿಲ್ಲ, ಬಾಲವಿಲ್ಲ. ಆದರೂ ಇಷ್ಟೆಲ್ಲ ಜಗ್ಗಿದರೂ ಬಿಡಲೊಲ್ಲದು.

"ಏನಾಯ್ತೇ?" ಎಂದಳು ತಂಗಿ.

"ಇದನ್ನ ಯಾರು ಹಾಕಿದ್ದು ಹೇಳು ನೋಡೋಣ" ಎಂದಳು ಅಕ್ಕ, ಬೀಗದಲ್ಲಿ ತೂಗುತ್ತಿದ್ದ ಉಂಗುರವನ್ನು ತೋರಿಸಿ. "ನಾನಾ? ನೀನಾ? ಗೊತ್ತಾಗುತ್ತಾ?"

"ಹುಚ್ಚು ಹಿಡಿತಾ ನಿನಗೆ?"

ಹಿಡಿದಿತ್ತು. ಹಿಡಿದರೆ ಅವಳದು ಉಡದ ಪಟ್ಟು. ಗುಜರಿಯಿಂದ ಸ್ಪ್ರಿಂಗ್ ತಂತಿ ತಂದಳು. ಬಿಲ್ಲೆಯ ತೋಡಿನಷ್ಟೇ ದಪ್ಪದ ಸರಳಿಗೆ ಅದನ್ನು ಸುತ್ತಿ, ಎರಡೆರಡು ಸುತ್ತಿಗೆ ಕತ್ತರಿಸಿದಳು. ಆ ತಂತಿ ಹಾವಿಗಿಂತ ಕೆಟ್ಟದ್ದು. ಕೈ ಸಡಿಲಿಸಿದರೆ ತಿರುಗಿ ಬಂದು ಬಾರಿಸುತ್ತದೆ. ಒಮ್ಮೆ ಹುಬ್ಬು ಸೀಳಿತು, ಇನ್ನೊಮ್ಮೆ ಅಂಗೈ. ತಂಗಿ ಬಟ್ಟೆ ಹರಿದು ಕಟ್ಟುತ್ತ ಅಳುವಳು, ಅಕ್ಕ ಬೈಯುತ್ತ ಇನ್ನೊಂದು ಉಂಗುರ ಸುತ್ತುವಳು. ಕಡೆಗೆ ಒಂದು ದಿನ ಕಡ್ಡಿಗಳನ್ನೆಲ್ಲ ಉಂಗುರಕ್ಕೆ ಪೋಣಿಸಿ, ಕೋಲಿನ ನೆತ್ತಿಯ ಮೇಲಿಟ್ಟು ಎರಡು ಹೆಬ್ಬೆರಳಿಂದ ಅದುಮಿದಳು. ಉಂಗುರ ಕೊಂಚ ಅಗಲವಾಗಿ, ಟಕ್ಕೆಂದು ತೋಡಿನೊಳಗೆ ಕೂತಿತು. ಇಬ್ಬರೂ ಸೇರಿ ಜಗ್ಗಿದರೂ ಕದಲಲಿಲ್ಲ. ಅಷ್ಟೇ ಅಲ್ಲ, ತಂಗಿ ಹಾಕಿದ್ದಕ್ಕೂ ಅಕ್ಕ ಹಾಕಿದ್ದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಅದನ್ನು ಅವಳು ಮೇಸ್ತ್ರಿಯ ತಲೆಯ ಮೇಲಿಂದ ನೇರ ಯಜಮಾನರ ಮುಂದೆ ಇಟ್ಟಳು. ಯಜಮಾನರಿಗೆ ಕೈ, ಬೆರಳು, ಗುರುತು ಇದೆಲ್ಲ ಯಾವ ಲೆಕ್ಕ? ಒಂದು ಗಂಟು ಹಾಕುವಷ್ಟರಲ್ಲಿ ಮೂರು ಉಂಗುರ ಕೂರುವುದನ್ನು ನೋಡಿ ಅವರ ಕಣ್ಣು ಅರಳಿತು.

"ಯಜಮಾನ್ರೇ, ಬೇಡ. ಆಮೇಲೆ ಯಾರ ಕೆಲಸ ಅಂತ ಗೊತ್ತೇ ಆಗಲ್ಲ" ಎಂದ ಗಂಟುಮೋರೆ.

"ಗೊತ್ತಾಗಿ ಏನಾಗಬೇಕಯ್ಯ? ಕೊಡೆ ನಿಂತರೆ ಸಾಲದಾ?"

ಅವನು ಅಕ್ಕನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬೆವರುತ್ತಿದ್ದರು. ಅಕ್ಕನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಇಕ್ಕಳಗಳು ಮೂಲೆ ಸೇರಿದವು. ತಂಗಿಯ ಸೊಟ್ಟ ಬೆರಳಿಗೆ ಅದುಮುವ ಕೆಲಸವೇ ಇಲ್ಲ, ಹೆಬ್ಬೆರಳಿದ್ದರೆ ಆಯಿತು. ಕೋಣೆಯಲ್ಲಿ ನಗುವೂ ಹುಟ್ಟಿತು. ಅಜ್ಜಿ ಮಾತ್ರ ಮುಖ ಊದಿಸಿಕೊಂಡಿದ್ದಳು. "ಇಷ್ಟು ವರ್ಷ ಕಟ್ಟಿದ್ದೆಲ್ಲ ನೀರಲ್ಲಿ ಹೋಮ. ಈಗ ನನ್ನದೂ ಒಂದೇ, ಕಣ್ಣು ಕಾಣದವಳದೂ ಒಂದೇ" ಎಂದಳು. ಅಕ್ಕ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ತನ್ನ ತಂಗಿ ಬಚಾವಾದ ಮೇಲೆ ಊರ ಉಸಾಬರಿ ಅವಳಿಗೇಕೆ? ಆಗ ಅವಳ ಯೋಚನೆ ಇದ್ದದ್ದೇ ಹಾಗೆ.

ಉಂಗುರದ ತಂತಿಯಲ್ಲಿ ಯಜಮಾನರು ಕೈಬಿಗಿ ಮಾಡಿ ಮೆತ್ತನೆಯ ಮಾಲು ತರಿಸಿದರು. ಗಾಳಿ ಎದ್ದ ಕಾಲಕ್ಕೆ ಒಂದು ಕೊಡೆ ವಾಪಸು ಬಂತು. ಉಂಗುರ ಬಾಯಿಬಿಟ್ಟು, ಕಡ್ಡಿಯೊಂದು ಸಿಡಿದು, ಕೊಂಡವನ ಕೆನ್ನೆ ತೂತಾಗಿತ್ತು. ಕೆನ್ನೆಯವನು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಬಾಗಿಲಲ್ಲೇ ಮೇಸ್ತ್ರಿಯ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿ ಹೋದ. ಗಂಟುಮೋರೆ ತುಟಿಯ ರಕ್ತ ಒರೆಸಿಕೊಳ್ಳುತ್ತ ಒಳಗೆ ಬಂದು, ಬಾಗಿಲು ಹಾಕಿ ಚಿಲಕ ಜಡಿದ. ಕೊಡೆಯನ್ನು ಕಿಟಕಿಗೆ ಹಿಡಿದು ತಿರುಗಿಸಿದ. ಮತ್ತೆ ತಿರುಗಿಸಿದ. ಜೀವಮಾನದಲ್ಲೇ ಮೊದಲ ಸಲ ಅವನಿಗೆ ಏನೂ ಕಾಣಲಿಲ್ಲ.

"ಯಾರದು?"

ಅವರಿಗೇ ಗೊತ್ತಿದ್ದರೆ ತಾನೆ?

"ಸರಿ. ಎಲ್ಲರೂ ಇಡಿ ಕೈ" ಎಂದ.

ಇದೊಂದು ಅಕ್ಕನಿಗೆ ಹೊಳೆದಿರಲಿಲ್ಲ. ಗುರುತು ಅಳಿಸಿದರೆ ಏಟೂ ಅಳಿಸಿಹೋಗುತ್ತದೆ ಎಂದುಕೊಂಡಿದ್ದಳು. ಅದು ಎಲ್ಲರಿಗೂ ಹಂಚಿಕೆಯಾಗುತ್ತದೆ ಎಂದು ಆ ಉಂಗುರ ಸುತ್ತುವಾಗ ಒಂದು ಸಲವೂ ಅನ್ನಿಸಿರಲಿಲ್ಲ.

ಅವನು ಬಾಗಿಲ ಬದಿಯಿಂದ ಶುರು ಮಾಡಿದ. ಬಾಗಿಲ ಬದಿಯಲ್ಲಿದ್ದವಳು ಅಜ್ಜಿ. ಅವಳಿಗೆ ಕೈ ಹೇಗೆ ಇಡಬೇಕೆಂದೇ ಗೊತ್ತಿರಲಿಲ್ಲ, ಅಂಗಾತ ಇಟ್ಟಳು. ಅವನೇ ಅದನ್ನು ಬೋರಲಾಗಿಸಿ, ಬಾಗಿಲಲ್ಲಿ ತಿಂದ ಅವಮಾನವನ್ನೆಲ್ಲ ಸೇರಿಸಿ ಹೊಡೆದ. ಒಂದಲ್ಲ, ಮೂರು. ಮಣಿಕಟ್ಟಿನ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಇಣುಕಿತು.

ಅಜ್ಜಿ ತನ್ನ ಕೈಯನ್ನು ಅದು ಬೇರೆ ಯಾರದೋ ಎಂಬಂತೆ ನೋಡಿದಳು. ಆಮೇಲೆ ಎಡಗೈಯಲ್ಲಿ ಮೇಜಿನ ಮೇಲಿದ್ದ ಕಡ್ಡಿಯ ಕಟ್ಟನ್ನು ಎತ್ತಿ ಅವನ ಮೋರೆಗೆ ಬೀಸಿದಳು.

ಆಮೇಲಿನದನ್ನು ಬಿಡಿಸಿ ಹೇಳಲು ಯಾರಿಗೂ ಆಗದು. ಇಷ್ಟು ಕಾಲ ಒಬ್ಬಳಿಗೆ ಬಿದ್ದಾಗ ಉಳಿದವರಿಗೆ ನೆಮ್ಮದಿಯಾಗುತ್ತಿತ್ತು. ಇವತ್ತು ಸಾಲಿನಲ್ಲಿ ಎಲ್ಲರ ಕೈಯೂ ಇತ್ತು. ಸ್ಟೂಲುಗಳು ಉರುಳಿದವು. ಕೋಲು ಸಿಕ್ಕವಳು ಕೋಲಿನಿಂದ, ಇಕ್ಕಳ ಸಿಕ್ಕವಳು ಇಕ್ಕಳದಿಂದ, ಏನೂ ಸಿಗದವಳು ಹಲ್ಲಿನಿಂದ. ತಂಗಿ ಅವನ ಎದೆಯ ಮೇಲೆ ಕೂತು ಸೊಟ್ಟ ಬೆರಳಿನ ಕೈಯಿಂದಲೇ ಗುದ್ದುತ್ತಿದ್ದಳು. ಅವಳ ಬಾಯಿಂದ ಬರುತ್ತಿದ್ದ ಮಾತುಗಳನ್ನು ಅಕ್ಕ ಅಲ್ಲಿಯವರೆಗೆ ಕೇಳಿರಲಿಲ್ಲ. ಅಕ್ಕನೂ ಬಿಡಲಿಲ್ಲ. ಹೊಡೆಯುವಾಗ ಸುಖವಾಯಿತು. ಅದನ್ನೂ ಹೇಳಿಬಿಡಬೇಕು. ಅವನು ಅಲುಗಾಡುವುದು ನಿಂತ ಮೇಲೆಯೇ ಅವಳಿಗೆ ಹೆದರಿಕೆ ಬಂದದ್ದು.

ಅವನು ಸಾಯಲಿಲ್ಲ. ಒಂದು ಕಣ್ಣು ಹೋಯಿತು, ಆಸ್ಪತ್ರೆಯಿಂದ ಹಾಗೇ ಊರು ಬಿಟ್ಟ. ಮೊದಲು ಕೈಯೆತ್ತಿದ್ದು ಯಾರೆಂದು ಯಜಮಾನರು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಯಾರೂ ಬಾಯಿಬಿಡಲಿಲ್ಲ. ಎಲ್ಲರನ್ನೂ ಓಡಿಸಿದರೆ ಕೊಡೆ ಕಟ್ಟುವವರಿಲ್ಲ. ಹೊಸ ಮೇಸ್ತ್ರಿ ಬಂದ. ಅವನು ಕೋಲನ್ನು ಮುಟ್ಟುವಾಗ ಮೊದಲು ಹೆಂಗಸರ ಕಡೆ ನೋಡುತ್ತಿದ್ದ. ತಂತಿಯೂ ಗಟ್ಟಿಯದು ಬಂತು.

ಅಜ್ಜಿ ಮಾತ್ರ ಕೆಲಸಕ್ಕೆ ಬರಲಿಲ್ಲ. ಅಕ್ಕ ಅವಳ ಖಾಲಿ ಸ್ಟೂಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಕಡೆಗೆ ಗಟ್ಟಿ ಮನಸ್ಸು ಮಾಡಿ ಅವಳ ಮನೆಗೆ ಹೋದಳು. ಅಜ್ಜಿ ಬಾಗಿಲ ಬಳಿ ಕೂತಿದ್ದಳು. ಬಲಗೈ ತೊಡೆಯ ಮೇಲೆ ಒಣ ಕೊಂಬೆಯ ಹಾಗೆ ಬಿದ್ದಿತ್ತು.

"ಹೇಗಿದ್ದೀರಿ ಅಜ್ಜಿ?"

ಅಜ್ಜಿ ಎದ್ದು ಬಂದು ಎಡಗೈಯಿಂದ ಅವಳ ಕೆನ್ನೆಗೆ ಬಾರಿಸಿದಳು. ಗಂಟುಮೋರೆಯ ಏಟಿಗಿಂತ ಅದೇ ಜೋರಾಗಿತ್ತು. "ನನ್ನ ಗಂಟು ನನ್ನ ಕಾಯ್ತಿತ್ತು ಕಣೇ" ಎಂದಳು. "ನಿನ್ನ ತಂಗಿ ಕೈ ಉಳಿಸೋಕೆ ನನ್ನ ಗಂಟು ಬಿಚ್ಚಿಬಿಟ್ಟೆ."

ಮಾತು ನಿಜವಾಗಿತ್ತು. ಅಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ.

ಅಜ್ಜಿ ಒಳಗೆ ಹೋಗಿ ಒಂದು ಕೋಲು, ಒಂದಿಷ್ಟು ಕಡ್ಡಿ, ನಾಲ್ಕು ಉಂಗುರ ತಂದು ಅವಳ ಮುಂದೆ ಸುರಿದಳು. ಉಂಗುರಗಳ ಮೈತುಂಬ ಅಜ್ಜಿಯ ಹಲ್ಲಿನ ಗುರುತುಗಳಿದ್ದವು.

"ಒಂದು ಕೈಲಿ ಹಾಕಿ ತೋರಿಸು" ಎಂದಳು.

ಅಕ್ಕ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಪ್ರಯತ್ನಿಸಿದಳು. ಕೋಲು ಉರುಳಿತು. ಮೊಣಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡರೆ ಕಡ್ಡಿಗಳು ಜಾರಿದವು. ಅದುಮಿದ ಉಂಗುರ ಸಿಡಿದು ಗೋಡೆಗೆ ಬಡಿಯಿತು.

"ಆಗಲ್ಲ ಅಜ್ಜಿ."

"ಆಗೋ ಹಾಗೆ ಮಾಡು" ಎಂದಳು ಅಜ್ಜಿ, ಬಾಗಿಲಿಗೆ ಅಡ್ಡವಾಗಿ ಕೂತು. "ಮಾಡೋವರೆಗೂ ಏಳಬೇಡ."