ಚಿತ್ರದ ಪುಸ್ತಕದೊಳಗಿನ ಮುದುಕಿ

ಆ ಕಾಲಕ್ಕೆ ಪುಸ್ತಕ ಅಂದರೆ ಅಕ್ಷರ ಇರುವಂಥದ್ದು ಎಂದೇ ನಾವು ತಿಳಿದಿದ್ದೆವು. ಸಾಲಿಯಲ್ಲಿ ಅಕ್ಕೋರು, ಅಂದರೆ ಟೀಚರು, ಕರಿ ಫಳಿಯ ಮೇಲೆ ಬರೆಯುತ್ತಿದ್ದರು, ನಾವು ಪಾಟಿಯ ಮೇಲೆ ಇಳಿಸಿಕೊಳ್ಳುತ್ತಿದ್ದೆವು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಸಾಲಿ ಬಿಟ್ಟ ಮೇಲೆ ಪಾಟಿಯನ್ನು ಉಗುಳು ಹಚ್ಚಿ ಒರೆಸಿ, ಗುಡಿಯ ಕಟ್ಟೆಯ ಮೇಲೆ ಹರಳಿನಾಟ ಆಡಿದರೆ ದಿನ ಮುಗಿಯುತ್ತಿತ್ತು. ಈಗ ಬೈಲಹೊಂಗಲದ ನನ್ನ ಅಡಿಗೆಮನೆಯಲ್ಲಿ ಕುಳಿತು ಇದನ್ನು ಬರೆಯುವಾಗ, ಅಷ್ಟು ಸರಳವಾದ ದಿನಗಳಲ್ಲಿ ಅಷ್ಟೊಂದು ಗೊಂದಲ ಎಲ್ಲಿಂದ ಬಂತು ಎಂದು ಅನ್ನಿಸುತ್ತದೆ.

ನಮ್ಮೂರು ಸವದತ್ತಿ ತಾಲೂಕಿನದು, ಸಿರಸಂಗಿಯ ಹಾದಿಯಲ್ಲಿ. ನಾನು ಸಾಲಿಯಲ್ಲಿ ಮೂರನೆಯ ಇಯತ್ತೆ. ಶ್ರಾವಣದ ಜಿಟಿಜಿಟಿ ಮಳೆಗೆ ಎರೆಮಣ್ಣು ಕಾಲಿಗೆ ಅಂಟಿ, ಸಾಲಿ ಮುಟ್ಟುವುದರೊಳಗೆ ನಾವೆಲ್ಲ ಒಂದು ಗೇಣು ಹೆಚ್ಚು ಎತ್ತರ ಆಗಿರುತ್ತಿದ್ದೆವು. ಪಂಚಮಿ ಹತ್ತಿರ ಬಂದಿತ್ತು. ಶೇಂಗಾ ಹುರಿದ ವಾಸನೆ ಓಣಿಯ ತುಂಬ. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಅವ್ವ ಉಂಡಿ ಕಟ್ಟಿ ಡಬ್ಬಿಗೆ ತುಂಬಿ, ತವರಿನ ದಾರಿ ನೋಡುತ್ತಿದ್ದಳು.

ಅವ್ವನ ತವರು ಕಿತ್ತೂರಿನ ಹತ್ತಿರದ ದೇಗಾಂವ. ಸೋದರಮಾವ ಕರೆಯಲು ಬಂದ. ಆದರೆ ಬಂದದ್ದು ಶುಕ್ರವಾರ.

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಅಂಗಳದಲ್ಲೇ ತಡೆದಳು. "ಇವತ್ತ ಶುಕ್ರವಾರಪಾ. ಮನಿ ಲಕ್ಷ್ಮೀನ್ನ ಶುಕ್ರವಾರ ಯಾರರೆ ಹೊರಗ ಕಳಸ್ತಾರೇನು? ವಸ್ತಿ ಇರು. ನಾಳೆ ಹೊತ್ತ ಹೊಂಡೂದಕ್ಕ ಕರ್ಕೊಂಡು ಹೋಗು."

"ನಾಳೆ ಟೆಂಪೋ ಸಿಗೂದಿಲ್ಲರಿ ಅತ್ತಿ. ಗೆಳ್ಯಾಂದು, ಇವತ್ತ ತಿರುಗಿ ಹೊಂಟೈತಿ. ತವರಿಗೆ ಹೋಗಾಕ ಎಂಥಾ ವಾರರಿ?"

"ನಿಮ್ಮ ಮನ್ಯಾಗ ವಾರ ಇಲ್ಲದಿದ್ರ ಬ್ಯಾಡ. ನಮ್ಮ ಮನ್ಯಾಗ ಐತಿ."

ಅವ್ವ ಒಮ್ಮೆ ಅಣ್ಣನ ಮುಖ ನೋಡಿದಳು, ಒಮ್ಮೆ ಅತ್ತೆಯ ಮುಖ ನೋಡಿದಳು. ಆಮೇಲೆ ನನ್ನ ಕೂಸು ತಮ್ಮನನ್ನು ಕಂಕುಳಿಗೆ ಏರಿಸಿಕೊಂಡು ನಡೆದುಬಿಟ್ಟಳು. ನಾನೂ ಹೊರಟಿದ್ದೆ. ಅಷ್ಟರಲ್ಲಿ ಒಳಗೆ ಹೋಗಿದ್ದ ಆಯಿಯ ದನಿ ಬಂತು: "ಈಕಿನ್ನರೆ ಬಿಟ್ಟು ಹೋಗು. ಸಾಲಿ ತಪ್ಪತೈತಿ." ಆಯಿ ಹೊರಗೆ ಬರಲಿಲ್ಲ. ನಾನು ಬಾಗಿಲಲ್ಲೇ ಉಳಿದೆ. ಮಾವ ಒಂದು ಕಪ್ ಚಹಾ ಕೂಡ ಕುಡಿಯದೆ ಹೋದ.

ಪಂಚಮಿ ಮುಗಿಯಿತು. ಜೋಕಾಲಿ ಬಿಚ್ಚಿದರು. ಅವ್ವ ಬರಲಿಲ್ಲ.

ನಮ್ಮ ಕಡೆಯ ರೂಢಿ ಹೀಗಿದೆ: ತವರಿಗೆ ಹೋದವಳು ತಾನಾಗಿ ತಿರುಗಿ ಬರುವಂತಿಲ್ಲ. ಗಂಡನ ಮನೆಯವರು ಬುತ್ತಿ ಕಟ್ಟಿಕೊಂಡು ಕರೆಯಲು ಹೋಗಬೇಕು, ಇಲ್ಲವೇ ತವರಿನವರು ತಂದು ಬಿಡಬೇಕು. ಆಯಿ ಹೇಳುತ್ತಿದ್ದಳು, "ವಾರ ಮೀರಿ ಒಯ್ದಾರ, ತಾವ ತಂದು ಬಿಡ್ಲಿ." ದೇಗಾಂವದಿಂದ ಬಂದ ಮಾತು ಬೇರೆ: "ಮನಿಗೆ ಬಂದ ಬೀಗನ್ನ ಹಂಗ ಕಳಿಸ್ಯಾರ, ತಾವ ಬಂದು ಕರೀಲಿ." ಅಪ್ಪನನ್ನು ಕೇಳಿದರೆ, "ನಾಳೆ ನೋಡೂಣು" ಅನ್ನುತ್ತಿದ್ದ. ಆ ನಾಳೆ ಬರುತ್ತಲೇ ಇರಲಿಲ್ಲ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕು ಎಂದೇ ತಿಳಿಯುತ್ತಿರಲಿಲ್ಲ. ಎರಡೂ ಕಡೆಯ ಮಾತು ಸರಿ ಅನ್ನಿಸುತ್ತಿತ್ತು. ಎಲ್ಲರೂ ಸರಿ ಇದ್ದ ಮೇಲೆ ಅವ್ವ ಯಾಕೆ ಮನೆಯಲ್ಲಿಲ್ಲ?

ಆಯಿಯೇ ನನ್ನ ಹೆರಳು ಹಾಕುತ್ತಿದ್ದಳು. ಬಿಗಿಯಾಗಿ, ಕಣ್ಣಲ್ಲಿ ನೀರು ಬರುವಂತೆ. ಬಾಯಲ್ಲಿ ಮಾತ್ರ ಸಿರಸಂಗಿ ಕಾಳಮ್ಮನ ಹೆಸರು.

ಆ ದಿನಗಳಲ್ಲೇ ನಮ್ಮ ಸಾಲಿಗೆ ಹೊಸ ಅಕ್ಕೋರು ಬಂದರು. ರಾಮದುರ್ಗದವರು, ವಯಸ್ಸಿನಲ್ಲಿ ಸಣ್ಣವರು. ಒಂದು ಸೋಮವಾರ ಚೀಲದಿಂದ ಅಗಲವಾದ ಪುಸ್ತಕಗಳನ್ನು ತೆಗೆದರು. ಹೊಸ ಬಣ್ಣದ, ಅಂಟಿನ ವಾಸನೆ. ನಾವು ಮೂಗು ಹಚ್ಚಿ ಹಚ್ಚಿ ನೋಡಿದೆವು. ಪುಟ ತಿರುವಿದರೆ ಒಂದು ಅಕ್ಷರವೂ ಇಲ್ಲ.

"ಅಕ್ಕೋರ್ರಿ, ಇದರಾಗ ಬರಿಯಾಕ ಮರತಾರ್ರಿ," ಎಂದ ನಮ್ಮ ತರಗತಿಯ ಬಸ್ಯಾ.

ಅಕ್ಕೋರು ನಕ್ಕರು. ಒಂದು ಪುಟ ತೆರೆದು ಗೋಡೆಗೆ ಆನಿಸಿ ಇಟ್ಟರು. ಒಂದು ಮನೆ. ಅಂಗಳದಾಚೆ ಗಂಟು ಹಿಡಿದು ಹೊರಟ ಹೆಂಗಸು, ಬೆನ್ನಷ್ಟೇ ಕಾಣುತ್ತದೆ. ಬಾಗಿಲಿನ ಚೌಕಟ್ಟು ಹಿಡಿದು ನಿಂತ ಹುಡುಗಿ. ಒಳಗೆ ಒಲೆಯ ಕಡೆ ಮುಖ ಮಾಡಿ ಕುಳಿತ ಮುದುಕಿ. ಅಂಗಳದಲ್ಲಿ ಮರಿಗಳ ಜೊತೆ ಒಂದು ಕೋಳಿ. ಫಳಿಯ ಮೇಲೆ ಅಕ್ಕೋರು ಎರಡೇ ಸಾಲು ಬರೆದರು: ಇಲ್ಲಿ ಏನು ನಡೆದಿದೆ? ಮುಂದೆ ಏನಾಗುತ್ತದೆ?

ನಾವು ಕಾದೆವು. ಉತ್ತರ ಬರಲಿಲ್ಲ.

"ಉತ್ತರ ಬರೀರಿ ಅಕ್ಕೋರ್ರಿ, ಇಳಿಸ್ಕೋತೀವಿ."

"ಇದಕ್ಕ ನನ್ನ ಹತ್ತರ ಉತ್ತರ ಇಲ್ಲ. ನಿಮಗ ಏನ ಅನಸ್ತೈತಿ ಅದನ್ನ ಈ ಹಾಳಿ ಮ್ಯಾಲೆ ಬರೀರಿ."

"ತಪ್ಪಾದ್ರ?"

"ತಪ್ಪು ಆಗೂದಿಲ್ಲ."

ತಪ್ಪು ಆಗದ ಪ್ರಶ್ನೆಯನ್ನು ನಾವು ಅಲ್ಲಿಯ ತನಕ ಕಂಡಿರಲಿಲ್ಲ. ಎಲ್ಲರೂ ಒಬ್ಬರ ಹಾಳೆ ಇನ್ನೊಬ್ಬರು ಇಣುಕಿ ನೋಡಿದೆವು. ಯಾರ ಹಾಳೆಯಲ್ಲೂ ಏನೂ ಇಲ್ಲ. ಕಡೆಗೆ ಬಸ್ಯಾ, ಆ ಹೆಂಗಸು ಸಂತೆಗೆ ಹೊರಟಿದ್ದಾಳೆ, ಚುರುಮುರಿ ತರುತ್ತಾಳೆ ಎಂದು ಬರೆದ. ಇನ್ನೊಬ್ಬಳು ಕೋಳಿಯ ಬಗ್ಗೆಯೇ ಹಾಳೆ ತುಂಬಿಸಿದಳು. ನಾನು ಬರೆದದ್ದು ಇಷ್ಟು: "ಅವ್ವ ಹೊಂಟಾಳ. ಇವತ್ತು ಶುಕ್ರವಾರ ಅಲ್ಲ. ಆದ್ರೂ ಮುದುಕಿ ಸಿಟ್ಟಾಗ್ಯಾಳ. ಮುಂದ ಯಾರರೆ ಕರಿಯಾಕ ಹೋಗಬೇಕು. ಯಾರು ಹೋಗಬೇಕು ಅನ್ನೂದು ಚಿತ್ರದಾಗ ಇಲ್ಲ."

ಮನೆಯ ಮಾತು ಹೇಳಬೇಕೆಂದು ಬರೆದದ್ದಲ್ಲ. ಚಿತ್ರ ನೋಡಿದೆ, ಬರೆದೆ. ಅಥವಾ ಮನೆಯನ್ನೇ ನೋಡಿದೆನೋ, ಈಗ ಹೇಳುವುದು ಕಷ್ಟ.

ಅಕ್ಕೋರು ಎಲ್ಲರ ಹಾಳೆಗಳನ್ನು ಗೋಡೆಗೆ ಹಚ್ಚಿದರು. ಆ ವಾರವೇ ಪಾಲಕರನ್ನು ಸಾಲಿಗೆ ಕರೆದಿದ್ದರು. ಅವ್ವ ಇಲ್ಲವಲ್ಲ, ಆಯಿ ಬಂದಳು. ಹಣೆ ತುಂಬ ವಿಭೂತಿ, ತಲೆಯ ಮೇಲೆ ಸೆರಗು. ಅವಳಿಗೆ ಓದಲು ಬಾರದು. ಪಕ್ಕದ ಮನೆಯ ಗಂಗಕ್ಕನಿಗೆ, "ನಮ್ಮ ನೀಲಿ ಏನ ಬರದಾಳ, ಓದ ನೋಡೂಣು," ಎಂದಳು. ಗಂಗಕ್ಕ ಮೊದಲ ಸಾಲು ಜೋರಾಗಿ ಓದಿದಳು. ಎರಡನೆಯದಕ್ಕೆ ದನಿ ಇಳಿಯಿತು. ಮೂರನೆಯದನ್ನು ಬಾಯಲ್ಲೇ ನುಂಗಿದಳು.

"ನಿಲ್ಲಸಬ್ಯಾಡ, ಓದು."

ಓದಿದಳು. ಹೆಂಗಸರೆಲ್ಲ ಆಯಿಯ ಕಡೆ ತಿರುಗಿದರು. ಇನ್ನು ಮೇಲೆ ಆಯಿ ಅವ್ವನನ್ನು ಮನೆಗೆ ಸೇರಿಸುವುದೇ ಇಲ್ಲ, ನಾನೇ ಕೆಡಿಸಿಬಿಟ್ಟೆ ಎಂದುಕೊಂಡೆ.

"ಅಕ್ಕೋರ," ಆಯಿ ನೇರವಾಗಿ ಕೇಳಿದಳು, "ನಮ್ಮ ಮನಿ ಮಾತು ಸಾಲಿ ಗ್ವಾಡಿಗೆ ಯಾಕ ಹಚ್ಚೀರಿ?"

ಪಾಪ, ಅಕ್ಕೋರಿಗೆ ಏನೂ ಗೊತ್ತಿರಲಿಲ್ಲ. "ಇದು ಪುಸ್ತಕದಾಗಿನ ಚಿತ್ರದ ಮ್ಯಾಲೆ ಬರದದ್ದರಿ ಆಯಿ," ಎಂದು ಗಾಬರಿಯಿಂದ ಆ ಪುಟ ತೆರೆದು ಕೈಗೆ ಕೊಟ್ಟರು.

ಆಯಿ ಪುಸ್ತಕವನ್ನು ಬಾಗಿಲಿನ ಬೆಳಕಿಗೆ ಒಯ್ದಳು. ದೂರ ಹಿಡಿದಳು, ಹತ್ತಿರ ಹಿಡಿದಳು. "ಇದು ನಾ ಅಲ್ಲ ಬಿಡು. ನಮ್ಮ ಒಲಿ ಈ ಕಡೆ ಐತಿ," ಎಂದಳು. ಯಾರೋ ಕಿಸಕ್ಕನೆ ನಕ್ಕರು. ಆಯಿ ನಗಲಿಲ್ಲ. ಬೆರಳಿನಿಂದ ಮುದುಕಿಯ ಬೆನ್ನು ಮುಟ್ಟಿದಳು.

"ಈಕಿ ಸಿಟ್ಟಾಗ್ಯಾಳಂತ ಯಾರ ಹೇಳಿದ್ರು?"

ನಾನು ಅಕ್ಕೋರ ಸೆರಗಿನ ಹಿಂದೆ ಸರಿದೆ.

"ಅಳಾಕತ್ತಾಳ ಈಕಿ. ಮಂದಿಗೆ ಕಾಣಬಾರದಂತ ಒಲಿ ಕಡೆ ತಿರಿಗ್ಯಾಳ. ಇಷ್ಟೂ ತಿಳಿಯೂದಿಲ್ಲೇನ?"

"ಹಂಗೂ ಇರಬಹುದರಿ," ಎಂದರು ಅಕ್ಕೋರು.

"ಇರಬಹುದು ಏನ ಬಂತು? ಹಂಗ ಐತಿ. ಅದನ್ನ ಬರೀರಿ ಅಲ್ಲೆ."

ಅಕ್ಕೋರು ನನ್ನ ಹಾಳೆಯ ಕೆಳಗೆ ಬರೆದರು: ಮುದುಕಿ ಅಳುತ್ತಿದ್ದಾಳೆ. ಆಯಿ ಅಕ್ಷರಗಳನ್ನು ನೋಡಿದಳು, ಓದಬಲ್ಲವಳ ಹಾಗೆ ತಲೆ ಆಡಿಸಿದಳು, ನನ್ನ ಕೈ ಹಿಡಿದು ಮನೆಗೆ ನಡೆದಳು. ದಾರಿಯಲ್ಲಿ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ತಿಳಿಯುತ್ತಿತ್ತು.

ಮುಂದಿನ ಸೋಮವಾರ ನಸುಕಿನಲ್ಲೇ ರೊಟ್ಟಿ ಬಡಿಯುವ ಸಪ್ಪಳ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಆಯಿ ಬುತ್ತಿ ಕಟ್ಟಿದಳು.

"ಎಲ್ಲಿಗೆ ಹೊಂಟೀಬೇ?" ಅಪ್ಪ ಕೇಳಿದ.

"ದೇಗಾಂವಕ್ಕ. ಕಮಲನಾರಾಯಣನ ದರ್ಶನಕ್ಕ."

ಅಪ್ಪ ತೆರೆದ ಬಾಯಿ ಮುಚ್ಚಲಿಲ್ಲ. ಲಿಂಗ ಕಟ್ಟಿದ ನಮ್ಮ ಆಯಿಗೆ ಶಿವ ಬಿಟ್ಟರೆ ಸಿರಸಂಗಿ ಕಾಳಮ್ಮ, ಅಷ್ಟೇ. ನಾರಾಯಣನ ಗೊಡವೆಗೆ ಹೋದವಳೇ ಅಲ್ಲ. "ಅಲ್ಲಬೇ, ಅಷ್ಟ ಮಂದಿ ಬುತ್ತಿ ಯಾಕ?" ಎಂದ.

"ದೇವರ ಊರಿಗೆ ಬರಿಗೈಲೆ ಹೋಗ್ತಾರೇನ? ನಿನಗ ಏನ ತಿಳೀತೈತಿ, ಸುಮ್ಮನಿರು."

ಮರುದಿನ ಮಂಗಳವಾರ, ಅಂದೂ ಹೆಣ್ಣುಮಗಳನ್ನು ಮನೆಯಿಂದ ಕಳಿಸುವಂತಿಲ್ಲ. ಬುಧವಾರ ಸಂಜೆ ಬಸ್ಸಿನಿಂದ ಇಬ್ಬರೂ ಇಳಿದರು. ಮುಂದೆ ಆಯಿ, ಹಿಂದೆ ತಮ್ಮನನ್ನು ಎತ್ತಿಕೊಂಡ ಅವ್ವ. ನಾನು ಓಡಿಹೋಗಿ ಅವ್ವನ ಸೀರೆಯಲ್ಲಿ ಮುಖ ಹುದುಗಿಸಿದೆ. ದೇಗಾಂವದ ಮನೆಯ ಹೊಗೆಯ ವಾಸನೆ ಇತ್ತು. ಓಣಿಯವರು ಕೇಳಿದರೆ ಆಯಿಯದು ಒಂದೇ ಮಾತು: "ದರ್ಶನಕ್ಕ ಹೋಗಿದ್ನಿ. ಈಕಿನೂ ಬರ್ತೇನಂದ್ಳು, ಜೋಡೀಲೆ ಬಂದ್ವಿ." ಯಾರು ಯಾರನ್ನು ಕರೆದರು ಎಂಬ ಮಾತೇ ಏಳಲಿಲ್ಲ. ಮನೆಮನೆಗೆ ಪ್ರಸಾದವೆಂದು ಕಲ್ಲುಸಕ್ಕರೆ ಹಂಚಿದಳು. ನಾವೆಲ್ಲ ಕಣ್ಣಿಗೆ ಒತ್ತಿಕೊಂಡು ತಿಂದೆವು.

ಆಯಿ ಶಿವನ ಪಾದ ಸೇರಿ ಬಹಳ ವರ್ಷವಾಯಿತು. ಹೋದ ಶ್ರಾವಣದಲ್ಲಿ ಅವ್ವ ನನ್ನ ಮನೆಗೆ ಬಂದಾಗ ಸಹಜವಾಗಿ ಕೇಳಿದೆ: "ಅವತ್ತ ಆಯಿ ಗುಡ್ಯಾಗ ಏನ ಬೇಡ್ಕೊಂಡ್ಳಬೇ?"

ಅವ್ವ ಅಕ್ಕಿ ಆರಿಸುತ್ತಿದ್ದಳು. "ಎಲ್ಲೀ ಗುಡಿ? ಆಕಿ ಗುಡಿ ಕಡೆ ತಿರಿಗೂ ನೋಡ್ಲಿಲ್ಲ. ಬಸ್ ಇಳದು ಸೀದಾ ನಮ್ಮ ಮನಿಗೆ ಬಂದ್ಳು, ಬುತ್ತಿ ಬಿಚ್ಚಿದ್ಳು, 'ಉಣ್ರಿ' ಅಂದ್ಳು. ನಮ್ಮಣ್ಣ ಉಂಡ. ಮುಗೀತು."

"ಮತ್ತ ಪ್ರಸಾದ?"

"ಬಸ್‌ಸ್ಟ್ಯಾಂಡ್ ಅಂಗಡ್ಯಾಗ ಕೊಂಡ್ಳು."

ದಿನಾ ವಿಭೂತಿ ಹಚ್ಚಿಕೊಂಡ ಆಯಿ ದೇವರ ಹೆಸರಿನಲ್ಲಿ ಸುಳ್ಳು ಹೇಳಿದಳೇ? ಹೇಳಿದಳು. ಅದು ಪಾಪವೇ? ಗೊತ್ತಿಲ್ಲ. ಚಿತ್ರದ ಮುದುಕಿ ನಿಜವಾಗಿ ಅಳುತ್ತಿದ್ದಳೋ, ಸಿಟ್ಟಾಗಿದ್ದಳೋ, ಅದೂ ಗೊತ್ತಿಲ್ಲ. ಅಕ್ಕೋರು ಅಂದ ಹಾಗೆ ಅವರ ಹತ್ತಿರವೂ ಉತ್ತರ ಇರಲಿಲ್ಲ. ಅವ್ವ ಬಂದಳು, ಅದೊಂದು ಗೊತ್ತು. ನಾನು ದಿನವೂ ದೀಪ ಹಚ್ಚುವಾಗ ಎಣಿಸುವ ಸಣ್ಣಪುಟ್ಟ ಕೃಪೆಗಳಲ್ಲಿ ಅದೇ ಮೊದಲನೆಯದು.

ಈಗ ನಮ್ಮ ಓಣಿಯಲ್ಲಿ ಸೊಸೆ ತವರಿಗೆ ಹೋದರೆ ಸಂಜೆಯೊಳಗೆ ಎರಡೂ ಮನೆಯವರು ಫೋನಿನಲ್ಲಿ ಆಡುವುದನ್ನೆಲ್ಲ ಆಡಿ ಮುಗಿಸುತ್ತಾರೆ. ತಪ್ಪು ಯಾರದು ಎಂದು ಸ್ಪಷ್ಟವಾಗಿ ತೀರ್ಮಾನವಾಗುತ್ತದೆ. ಆಮೇಲೆ ಯಾರೂ ಬುತ್ತಿ ಕಟ್ಟುವುದಿಲ್ಲ. ಇಲ್ಲದ ದರ್ಶನಕ್ಕೆ ಬಸ್ಸು ಹತ್ತುವ ಮುದುಕಿಯರ ಕಾಲ ಹೋಯಿತು. ಆ ಕಲ್ಲುಸಕ್ಕರೆ ಪ್ರಸಾದವೇ ಆಗಿತ್ತು ಎಂದು ನಾನು ನಂಬಿದ್ದೇನೆ. ಆದರೆ ಅದನ್ನು ಹೇಳೋಣವೆಂದರೆ ಈಗ ಆಯಿ ಇಲ್ಲ.