ಒಂದೇ ಗಂಟಿನಲ್ಲಿ ಹೆಸರೂ ಎಕ್ಸ್‌ರೇಯೂ

ಮೊಮ್ಮಗಳು ಹುಟ್ಟಿದ ಮೇಲೆ ಸೊಸೆ ಕಂಪ್ಯೂಟರ್ ಕೆಲಸ ಬಿಟ್ಟು ಮನೆಯಲ್ಲೇ ಇದ್ದಳು. ಕೂಸು ಶಾಲೆಗೆ ಹೋಗುವಂತಾದಾಗ ಮತ್ತೆ ಕೆಲಸ ಹುಡುಕಿದಳು; ನಾಲ್ಕೈದು ಕಡೆ ಬೇಡವೆಂದ ಮೇಲೆ ಕೊಂಡಾಪುರದ ಸಣ್ಣ ಕಂಪನಿಯೊಂದು ಅವಳನ್ನು ಪರೀಕ್ಷೆಯ ಮೇಲೆ ತೆಗೆದುಕೊಂಡಿತು. ಕೊಟ್ಟ ಕೆಲಸ ಸರಿಯಾಗಿ ಮಾಡಿ ತೋರಿಸಿದರೆ ಕಾಯಂ, ಇಲ್ಲವಾದರೆ ಇಲ್ಲ.

"ಇದೂ ತಪ್ಪಿದ್ರ ಮತ್ತ ಯಾರ ಬಾಗಲಕ್ಕೂ ಹೋಗೂದಿಲ್ರಿ ಅತ್ತಿ" ಎಂದಿದ್ದಳು. ಹಟದಿಂದ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ಸೋತು ಹೇಳಿದಳು, ಅದಕ್ಕೇ ನನಗೆ ಚಿಂತೆ ಹತ್ತಿತು.

ಮೆಹದಿಪಟ್ಟಣಂನ ನಮ್ಮ ಮನೆಯ ಊಟದ ಮೇಜೇ ಅವಳ ಆಫೀಸು. ರೋಗಿ ತನ್ನ ಹೆಸರನ್ನೂ ಎಕ್ಸ್‌ರೇ ಚಿತ್ರವನ್ನೂ ಫೋನಿನಿಂದ ಒಟ್ಟಿಗೇ ಡಾಕ್ಟರಿಗೆ ಕಳಿಸುವಂತೆ ಅವಳು ಮಾಡಿಕೊಡಬೇಕಿತ್ತು. ಹೀಗೆ ಬೇರೆ ಬೇರೆ ಸಾಮಾನನ್ನು ಒಂದೇ ಗಂಟು ಕಟ್ಟುವುದಕ್ಕೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಲೈಬ್ರರಿ ಅನ್ನುವ ಒಂದು ಸಿದ್ಧ ಸಾಧನ ಇದೆಯಂತೆ. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದಾರೆ. ಅಷ್ಟು ಕೇಳಿಯೇ ನಾನು ಕೈಮುಗಿದಿದ್ದೆ.

ಆದರೆ ಕಂಪನಿಯ ಸಾಹೇಬರಿಗೆ ತೋರಿಸಬೇಕಾದ ಆ ಮಂಗಳವಾರ ಬೆಳಿಗ್ಗೆ ಗಂಟು ಹೋದ ಹಾಗೇ ವಾಪಸು ಬರುತ್ತಿತ್ತು. ಅದನ್ನು ಬಿಚ್ಚಲು ಆ ಕಡೆಯ ಯಂತ್ರಕ್ಕೆ ಆಗುತ್ತಿರಲಿಲ್ಲ. ಸೊಸೆಯ ಮುಖ ಬಾಡಿತ್ತು.

"ಹನುಮಪ್ಪಗ ಒಂದು ಕಾಯಿ ಒಡಸ್ತೀನಿ ತಡಿ" ಎಂದೆ.

"ಕಾಯಿ ಒಡದ್ರ ಎಕ್ಸ್‌ರೇ ಹೋಗ್ತೈತೇನ್ರಿ ಅತ್ತಿ?"

"ಎಕ್ಸ್‌ರೇ ಸುಡ್ಲಿ. ನನ್ನ ಎದಿ ಹೊಡಕೊಳ್ಳೂದರ ನಿಲ್ಲತೈತಿ."

ಅವಳು ಎದ್ದು ಮುಖ ತೊಳೆದು ಬಂದಳು. ಲೈಬ್ರರಿಯ ಜೊತೆ ಕೊಟ್ಟಿದ್ದ ಸೂಚನೆಗಳನ್ನು ಮೊದಲಿನಿಂದ ಓದತೊಡಗಿದಳು. ನಾನು ದೇವರ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ "ಅಯ್ಯ ನನ್ನ ಕರ್ಮ!" ಎಂದು ಕೂಗಿದಳು. ಓಡಿ ಬಂದೆ.

"ಉಡಿ ತುಂಬ್ತೀರಲ್ರಿ, ಅಕ್ಕಿ, ಉತ್ತತ್ತಿ, ಅಡಿಕಿ, ಕುಪ್ಪಸದ ಕಣ ಎಲ್ಲಾ ಒಂದ ಸೆರಗಿನ್ಯಾಗ? ಇದೂ ಹಂಗ. ಆದ್ರ ಯಂತ್ರಕ್ಕ ಕಣ್ಣಿಲ್ಲ. ಹೆಸರು ಎಲ್ಲಿ ಮುಗೀತು, ಎಕ್ಸ್‌ರೇ ಎಲ್ಲಿ ಚಾಲೂ ಆತು ಅಂತ ನಡುವ ಒಂದು ಗುರುತು ಇಡಬೇಕು. ಗುರುತು ಯಾವ್ದು ಅಂತ ಗಂಟಿನ ಮ್ಯಾಲಿನ ಚೀಟ್ಯಾಗ ಹೇಳಬೇಕು. ಎರಡೂ ಆ ಲೈಬ್ರರಿನ ಮಾಡ್ತೈತ್ರಿ."

"ಮತ್ತ ನೀ ಏನ್ ಮಾಡಿದಿ?"

"ಅದರ ಚೀಟಿ ಬಿಟ್ಟು ನಂದ ಒಂದು ಚೀಟಿ ಹಚ್ಚೀನಿ. ಗುರುತಿನ ಸುದ್ದೀನ ಇಲ್ಲ ಅದರಾಗ."

ಹಳೆಯ ಕಂಪನಿಯಲ್ಲಿ ಅವರು ಒಂದು ಸಲಕ್ಕೆ ಒಂದೇ ಸಾಮಾನು ಕಳಿಸುತ್ತಿದ್ದರಂತೆ. ಆ ಚೀಟಿಯನ್ನು ತಾನೇ ಬರೆಯುವ ರೂಢಿ. ಇಷ್ಟು ವರ್ಷ ಮನೆಯಲ್ಲಿ ಕೂತರೂ ಕೈ ಅದನ್ನು ಬಿಟ್ಟಿರಲಿಲ್ಲ. ಈಗ ತನ್ನ ಚೀಟಿಯ ಸಾಲನ್ನು ಅಳಿಸಿ, ಲೈಬ್ರರಿ ಕೊಟ್ಟ ಚೀಟಿಯನ್ನೇ ಇಟ್ಟಳು. ಹೆಸರೂ ಹೋಯಿತು, ಎಕ್ಸ್‌ರೇಯೂ ಹೋಯಿತು. ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ, ಯಾರ ಕಾಲೂ ಹಿಡಿಯಬೇಕಾಗಲಿಲ್ಲ. ಇಂಥ ಸಣ್ಣ ಕೃಪೆಗಳಿಗೇ ನಾನು ಹೆಚ್ಚು ನಮಸ್ಕಾರ ಹಾಕುತ್ತೇನೆ. ದೊಡ್ಡವನ್ನು ಕೇಳುವ ಧೈರ್ಯ ನನಗಿಲ್ಲ.

ಮಧ್ಯಾಹ್ನ ಸಾಹೇಬರು ನೋಡಿದರು. ಫೋನು ಮಾಡಿ ಹಿಂದಿಯಲ್ಲಿ ಏನೇನೋ ಕೇಳಿದರು, ಅವಳು ತಡವರಿಸದೆ ಉತ್ತರ ಕೊಟ್ಟಳು. ಕೊನೆಗೆ, ಕೆಲಸ ಕಾಯಂ, ಸೋಮವಾರದಿಂದ ಆಫೀಸಿಗೇ ಬನ್ನಿ ಎಂದರು. ಫೋನಿಟ್ಟವಳೇ ನನ್ನ ಕಡೆ ತಿರುಗಿದಳು.

"ಅತ್ತಿ, ಸೋಮವಾರದಿಂದ ಕೂಸಿನ್ನ ಶಾಲಿಯಿಂದ ಯಾರು ಕರಕೊಂಡ ಬರಬೇಕ್ರಿ?"

"ಇಲ್ಲೀತನಕ ಯಾರು ಕರಕೊಂಡ ಬಂದಾರ? ನಾನಲ್ದ ನಿನ್ನ ಗಂಡನೇನು?"